ಹಕ್ಕಿಯ ಹಾಡು, ಮಗುವಿನ ಮಾತು, ಅಜ್ಜನ ಕಿವಿ

ನಮ್ಮ ಆರೋಗ್ಯ ಮಾಲೆಯಲ್ಲಿ ಈ ಸಲ ಮೆದುಳು, ನೆನಪು ಮತ್ತು ಮಾತಿನ ವಿಷಯ. ಲೇಖನ ಸ್ವಲ್ಪ ಉದ್ದವಿದೆ. ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಾಗ ನಿಧಾನವಾಗಿ ಓದಿ.

ಮಾರ್ಚ್ ಬಂತೆಂದರೆ ಮುಂಬಯಿಯ ಚಾಳು, ಕಾಲೊನಿ, ಸೊಸೈಟಿಗಳ ಮರಗಳಲ್ಲಿ ಕೋಗಿಲೆ ಕೂಗಲು ಶುರುಮಾಡುತ್ತದೆ. ನಸುಕಿನಲ್ಲಿ ಎದ್ದು ಡಬ್ಬಿ ಕಟ್ಟುವವರಿಗೆಲ್ಲ ಆ ಕೂಗು ಪರಿಚಿತ. ಈ ಕೋಗಿಲೆ ಹುಟ್ಟಿದ್ದು ಕಾಗೆಯ ಗೂಡಿನಲ್ಲಿ. ಮೊಟ್ಟೆಗೆ ಕಾವು ಕೊಟ್ಟದ್ದು ಕಾಗೆ, ಮರಿಗೆ ಗುಟುಕು ಕೊಟ್ಟದ್ದೂ ಕಾಗೆ. ಹಗಲೆಲ್ಲ ಅದರ ಕಿವಿಗೆ ಬಿದ್ದದ್ದು ಬರೀ 'ಕಾ ಕಾ'. ಆದರೂ ದೊಡ್ಡದಾದ ಮೇಲೆ ಅದು 'ಕುಹೂ' ಎಂದೇ ಕೂಗುತ್ತದೆ. ಯಾರೂ ಕಲಿಸಿಲ್ಲ, ಆ ಕೂಗು ಹುಟ್ಟಿನಿಂದಲೇ ಬಂದಿದೆ.

ಎಲ್ಲ ಹಕ್ಕಿಗಳೂ ಹೀಗಿಲ್ಲ. ಗಿಳಿ, ಮೈನಾ, ಮಡಿವಾಳ ಹಕ್ಕಿ ಇವೆಲ್ಲ ದನಿಯನ್ನು ಕೇಳಿ ಕಲಿಯುವ ಜಾತಿಯವು. ಮನುಷ್ಯರ ಮಕ್ಕಳೂ ಈ ಎರಡನೆಯ ಗುಂಪಿಗೆ ಸೇರಿದವರು. ಉಡುಪಿಯ ತಾಯಿಗೆ, ವಿಜಯಪುರದ ತಂದೆಗೆ ಡೊಂಬಿವಲಿಯಲ್ಲಿ ಹುಟ್ಟಿದ ಮಗುವಿಗೆ ಕನ್ನಡ ರಕ್ತದಲ್ಲಿ ಬರುವುದಿಲ್ಲ. ಅದು ಕಿವಿಯಿಂದ ಬರಬೇಕು. ಕಿವಿಯಿಂದ ಬಂದದ್ದು ನೆನಪಿನಲ್ಲಿ ಕೂರಬೇಕು, ನೆನಪಿನಿಂದ ನಾಲಿಗೆಗೆ ಇಳಿಯಬೇಕು.

ಈ ದಾರಿ ಮೆದುಳಿನಲ್ಲಿ ಹೇಗೆ ಸಾಗುತ್ತದೆ ಎಂಬುದನ್ನು ವಿಜ್ಞಾನಿಗಳು ಬಹಳಮಟ್ಟಿಗೆ ಹಕ್ಕಿಗಳಿಂದಲೇ ಕಲಿತಿದ್ದಾರೆ. ಅವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಓದಿದವರು. ಅವರು ಕಂಡುಕೊಂಡದ್ದೇನು, ಅದರಿಂದ ನಮ್ಮ ಮನೆಗಳಿಗೆ ಏನು ಉಪಯೋಗ ಎಂದು ನೋಡೋಣ. ಮಾತು ತಡವಾದ ಮಗು ಇರುವ ಮನೆಯವರು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಮಕ್ಕಳ ತಂದೆತಾಯಂದಿರು, ಊರಿಂದ ಬಂದು ಮೂಲೆಯಲ್ಲಿ ಸುಮ್ಮನೆ ಕೂರುವ ಹಿರಿಯರ ಜೊತೆ ಇರುವವರು, ಎಲ್ಲರಿಗೂ ಇದರಲ್ಲಿ ವಿಷಯವಿದೆ.

*ಪುಟ್ಟ ಹಕ್ಕಿ, ದೊಡ್ಡ ಪಾಠ*

ಜೀಬ್ರಾ ಫಿಂಚ್ ಎಂಬ ಹಕ್ಕಿಯನ್ನು ನೀವು ಸಾಕುಹಕ್ಕಿ ಮಾರುವ ಅಂಗಡಿಗಳ ಪಂಜರದಲ್ಲಿ ನೋಡಿರಬಹುದು. ಕೆಂಪು ಕೊಕ್ಕು, ಗಂಡಿಗೆ ಕಿತ್ತಳೆ ಬಣ್ಣದ ಕೆನ್ನೆ, ಎದೆಯ ಮೇಲೆ ಸಣ್ಣ ಕಪ್ಪು ಗೆರೆಗಳು. ತೂಕ ಸುಮಾರು 12ರಿಂದ 15 ಗ್ರಾಂ. ಮೂಲ ಆಸ್ಟ್ರೇಲಿಯ. ನಮ್ಮ ಹುಲ್ಲುಗಾವಲುಗಳ ರಾಟವಾಳ ಹಕ್ಕಿಯ ಕುಟುಂಬಕ್ಕೇ ಸೇರಿದ್ದು.

ಈ ಜಾತಿಯಲ್ಲಿ ಹಾಡುವುದು ಗಂಡು ಮಾತ್ರ. ಗಂಡುಮರಿ ಸಾಮಾನ್ಯವಾಗಿ ತನ್ನ ತಂದೆಯ ಹಾಡನ್ನು ಕೇಳಿ ಕಲಿಯುತ್ತದೆ. ಹುಟ್ಟಿದ 25ನೇ ದಿನದಿಂದ ಸುಮಾರು 65ನೇ ದಿನದ ತನಕ ಕೇಳಿದ್ದು ಅದರ ನೆನಪಿನಲ್ಲಿ ಅಚ್ಚಾಗುತ್ತದೆ. ಈ ನಡುವೆಯೇ ಅದು ತೊದಲಲು ಶುರುಮಾಡುತ್ತದೆ. ಮೊದಮೊದಲು ಅರ್ಥವಿಲ್ಲದ ಕಿಚಿಪಿಚಿ, ನಮ್ಮ ಕೂಸು 'ಬಬಬ, ದದದ' ಎಂದ ಹಾಗೆ. ಸಾವಿರಾರು ಸಲ ಹಾಡಿ, ಕೆಡಿಸಿ, ತಿದ್ದಿಕೊಂಡು, ಸುಮಾರು 90 ದಿನಗಳಾಗುವ ಹೊತ್ತಿಗೆ ಹಾಡು ಗಟ್ಟಿಯಾಗುತ್ತದೆ. ಆಮೇಲೆ ಜೀವನಪೂರ್ತಿ ಬಹುಮಟ್ಟಿಗೆ ಅದೇ ಹಾಡು.

ಮರಿಯನ್ನು ಚಿಕ್ಕಂದಿನಲ್ಲೇ ಬೇರೆ ಮಾಡಿ, ಹಾಡು ಕೇಳಿಸದಂತೆ ಬೆಳೆಸಿದರೆ ಏನಾಗುತ್ತದೆ? 1950ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಿಲಿಯಂ ಥಾರ್ಪ್ ಎಂಬವರು ಚಾಫಿಂಚ್ ಎಂಬ ಹಕ್ಕಿಯ ಮೇಲೆ ಇದನ್ನು ಪರೀಕ್ಷಿಸಿದರು. ದೊಡ್ಡದಾದ ಮೇಲೆ ಅಂಥ ಹಕ್ಕಿ ಹಾಡುವುದೇನೋ ಹಾಡಿತು. ಆದರೆ ಆ ಹಾಡು ಸೊರಗಿತ್ತು, ಅದಕ್ಕೆ ಆ ಜಾತಿಯ ಹಾಡಿನ ರೂಪವೇ ಇರಲಿಲ್ಲ.

1965ರಲ್ಲಿ ಮಸಕಾಜು ಕೊನಿಶಿ ಎಂಬ ವಿಜ್ಞಾನಿ ಇನ್ನೊಂದು ಮುಖ್ಯ ಸಂಗತಿ ತೋರಿಸಿದರು. ಗುರುವಿನ ಹಾಡನ್ನು ಚೆನ್ನಾಗಿ ಕೇಳಿಸಿಕೊಂಡ ಮರಿ, ಹಾಡಲು ಶುರುಮಾಡುವ ಮೊದಲು ಕಿವುಡಾದರೆ ಸರಿಯಾಗಿ ಹಾಡಲಾರದು. ಅಂದರೆ ನೆನಪಿನಲ್ಲಿ ಹಾಡು ಇದ್ದರಷ್ಟೇ ಸಾಲದು, ತನ್ನ ದನಿಯನ್ನು ತಾನೇ ಕೇಳಿ ಆ ನೆನಪಿನ ಜೊತೆ ಹೋಲಿಸಿ ನೋಡಬೇಕು. ಆದ್ದರಿಂದ ಕಿವಿಗೆ ಎರಡು ಕೆಲಸ. ಒಂದು, ಗುರುವನ್ನು ಕೇಳುವುದು. ಇನ್ನೊಂದು, ತನ್ನನ್ನು ತಾನೇ ಕೇಳುವುದು. ಈ ಎರಡನೆಯ ಕೆಲಸವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

*ಮೆದುಳಿನೊಳಗಿನ ಪರೀಕ್ಷಕ*

ಹಾಗಾದರೆ 'ಈಗ ಸರಿಯಾಯಿತು, ಈಗ ತಪ್ಪಾಯಿತು' ಎಂದು ಹೋಲಿಸಿ ಹೇಳುವುದು ಮೆದುಳಿನ ಯಾವ ಭಾಗ? ಇಲ್ಲಿ ಬರುತ್ತಾರೆ ವಿಕ್ರಮ್ ಗದಗ್ಕರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತವಿಜ್ಞಾನ ಓದಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದವರು. ಅಲ್ಲಿ ಅವರು ಮೊದಲು ಸಂಶೋಧನೆ ನಡೆಸಿದ್ದು ಅತಿ ಶೀತಲ ಸ್ಥಿತಿಯ ಘನ ಹೀಲಿಯಂ ಮೇಲೆ. ಆಮೇಲೆ ಹಾಡುಹಕ್ಕಿಯ ಮೆದುಳಿನತ್ತ ತಿರುಗಿ, ಜೆಸ್ಸಿ ಗೋಲ್ಡ್‌ಬರ್ಗ್ ಅವರ ಪ್ರಯೋಗಾಲಯ ಸೇರಿದರು. ಈಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರದೇ ಪ್ರಯೋಗಾಲಯವಿದೆ.

2016ರ ಡಿಸೆಂಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಯೋಗವನ್ನು ಸರಳವಾಗಿ ಹೇಳುವುದಾದರೆ ಹೀಗೆ.

ಜೀಬ್ರಾ ಫಿಂಚ್ ಒಂಟಿಯಾಗಿ ಕೂತು ಹಾಡುತ್ತಿದೆ. ಕಂಪ್ಯೂಟರ್ ಆ ಹಾಡನ್ನು ಕೇಳುತ್ತಿದೆ. ಹಾಡಿನ ಒಂದು ನಿರ್ದಿಷ್ಟ ಸ್ವರ ಬಂದಾಗ, ಸುಮಾರು ಅರ್ಧದಷ್ಟು ಸಲ, ಕಂಪ್ಯೂಟರ್ ಆ ಕ್ಷಣದಲ್ಲೇ ಒಂದು ಅಪಸ್ವರವನ್ನು ಹಾಕುತ್ತದೆ. ಹಕ್ಕಿಗೆ ತನ್ನ ದನಿಯೇ ಕೆಟ್ಟಂತೆ ಕೇಳಿಸುತ್ತದೆ. ಉಳಿದರ್ಧ ಸಲ ಹಾಡು ಹಾಗೆಯೇ ಚೆನ್ನಾಗಿ ಕೇಳಿಸುತ್ತದೆ. ಅದೇ ಹೊತ್ತಿಗೆ ಕೂದಲೆಳೆಯಂಥ ತಂತಿಗಳಿಂದ ಮೆದುಳಿನ ಡೋಪಮೀನ್ ನರಕೋಶಗಳ ಮಿಡಿತವನ್ನು ದಾಖಲಿಸಲಾಯಿತು.

ಸ್ವರ ಕೆಟ್ಟಂತೆ ಕೇಳಿಸಿದಾಗ ಆ ನರಕೋಶಗಳ ಮಿಡಿತ ಥಟ್ಟನೆ ಕುಗ್ಗಿತು. ಕೆಡಬಹುದಿದ್ದ ಸ್ವರ ಕೆಡದೆ ಚೆನ್ನಾಗಿ ಬಂದಾಗ ಮಿಡಿತ ಏರಿತು. ಹಕ್ಕಿ ಹಾಡದೆ ಸುಮ್ಮನಿದ್ದಾಗ ಅದೇ ಅಪಸ್ವರ ಕೇಳಿಸಿದರೆ ಈ ಬಗೆಯ ಏರಿಳಿತ ಕಾಣಲಿಲ್ಲ. ಅಂದರೆ ನರಕೋಶಗಳು ಲೆಕ್ಕ ಹಾಕುತ್ತಿದ್ದದ್ದು ಬರೀ ಸದ್ದನ್ನಲ್ಲ, 'ನಾನು ಹಾಡಿದ್ದು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತೇ, ಕೆಟ್ಟದಾಗಿತ್ತೇ' ಎಂಬುದನ್ನು.

ಡೋಪಮೀನ್ ಬಗ್ಗೆ ಮೊಬೈಲಿನಲ್ಲಿ ಬೇಕಾದಷ್ಟು ಮೆಸೇಜ್ ಬಂದಿರುತ್ತವೆ. 'ಖುಷಿಯ ರಾಸಾಯನಿಕ' ಎಂದು ಅದನ್ನು ಕರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. 1990ರ ದಶಕದಲ್ಲಿ ವೋಲ್ಫ್ರಾಂ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ತೋರಿಸಿದ್ದೇನೆಂದರೆ, ಡೋಪಮೀನ್ ನರಕೋಶಗಳು ಹೆಚ್ಚು ಮಿಡಿಯುವುದು ನಿರೀಕ್ಷೆಗಿಂತ ಹೆಚ್ಚು ಸಿಕ್ಕಾಗ, ಕುಗ್ಗುವುದು ನಿರೀಕ್ಷಿಸಿದ್ದು ಸಿಗದಿದ್ದಾಗ. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳಬೇಕೆಂದರೆ, ದಿನವೂ ಸರಿಯಾಗಿ ಏಳುವ ದೋಸೆಗೆ ಯಾರೂ ಹಿಗ್ಗುವುದಿಲ್ಲ. ಹತ್ತರಲ್ಲಿ ಐದು ಹರಿಯುವ ಕಾವಲಿಯ ಮೇಲೆ ಒಂದು ದೋಸೆ ಗರಿಗರಿಯಾಗಿ ಎದ್ದು ಬಂದರೆ ಮನಸ್ಸು ಅರಳುತ್ತದೆ, ಈ ಸಲ ಹೇಗೆ ಹುಯ್ದೆ ಎಂಬುದು ಕೈಗೆ ನೆನಪಾಗುತ್ತದೆ.

ಗದಗ್ಕರ್ ಅವರ ಹಕ್ಕಿಗೆ ಹಣ್ಣಿನ ರಸವೂ ಇರಲಿಲ್ಲ, ಕಾಳೂ ಇರಲಿಲ್ಲ. ಶಿಕ್ಷೆ ಕೊಡುವವರು, ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ಹಕ್ಕಿಯ ಮೆದುಳೇ ತನಗೆ ತಾನೇ ಅಂಕ ಕೊಟ್ಟುಕೊಳ್ಳುತ್ತಿತ್ತು. ಆ ಅಂಕ ಹೋಗಿ ತಲುಪುವುದು 'ಏರಿಯಾ ಎಕ್ಸ್' ಎಂಬ ಜಾಗಕ್ಕೆ. ಇದು ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಕ್ಕೆ ಸೇರಿದ್ದು. ಈ ಭಾಗ ನಮ್ಮ ಮೆದುಳಿನ ಆಳದಲ್ಲೂ ಇದೆ. ಸೈಕಲ್ ಹೊಡೆಯುವುದು, ಟೈಪ್ ಮಾಡುವುದು, ಮಾತಿನ ಉಚ್ಚಾರ, ಹೀಗೆ ಅಭ್ಯಾಸದಿಂದ ಪಳಗುವ ಕೆಲಸಗಳಲ್ಲಿ ಇದರ ಪಾಲಿದೆ.

ಇಂಥ ಸಂಶೋಧನೆ ನಮ್ಮ ಪಕ್ಕದಲ್ಲೂ ನಡೆಯುತ್ತಿದೆ. ಪುಣೆಯ ಐಸರ್ ಸಂಸ್ಥೆಯಲ್ಲಿ ರಾಘವ್ ರಾಜನ್ ಇದೇ ಜೀಬ್ರಾ ಫಿಂಚ್ ಹಾಡನ್ನು ಅಧ್ಯಯನ ಮಾಡುತ್ತಾರೆ. ಹಾಡು ಶುರುವಾಗುವ ಮೊದಲು ಹಕ್ಕಿ ಗಂಟಲು ಸರಿಮಾಡಿಕೊಳ್ಳುವಂತೆ ಕೆಲವು ಚಿಕ್ಕ ಸ್ವರಗಳನ್ನು ಮತ್ತೆ ಮತ್ತೆ ಹೇಳುತ್ತದೆ. ಹಾಡಿಗೆ ಮೆದುಳು ಹೇಗೆ ಸಿದ್ಧವಾಗುತ್ತದೆ ಎಂಬುದು ಅವರ ಆಸಕ್ತಿಯ ವಿಷಯಗಳಲ್ಲಿ ಒಂದು.

*ಎದುರಿಗೆ ಯಾರಾದರೂ ಇದ್ದಾಗ*

2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಗೋಲ್ಡ್‌ಬರ್ಗ್ ತಂಡದ ಇನ್ನೊಂದು ಪ್ರಬಂಧ ಬಂತು. ಅದರ ಲೇಖಕರಲ್ಲಿ ಗದಗ್ಕರ್ ಅವರೂ ಇದ್ದರು. ಗಂಡುಹಕ್ಕಿ ಒಂಟಿಯಾಗಿ ಹಾಡುವಾಗ ಆ ಪರೀಕ್ಷಕ ಚುರುಕಾಗಿರುತ್ತಾನೆ. ಅದೇ ಹಕ್ಕಿ ಹೆಣ್ಣುಹಕ್ಕಿಯ ಎದುರು ಹಾಡುವಾಗ ತಪ್ಪು ಲೆಕ್ಕ ಹಾಕುವ ಮಿಡಿತ ಮಂಕಾಗುತ್ತದೆ. ಬದಲಿಗೆ ಹೆಣ್ಣುಹಕ್ಕಿ ಪ್ರತಿಯಾಗಿ ಕೂಗಿದಾಗ ಆ ನರಕೋಶಗಳು ಮಿಡಿಯುತ್ತವೆ. ಒಂಟಿಯಾಗಿದ್ದಾಗ ಅಭ್ಯಾಸದ ಹೊತ್ತು. ಎದುರಿಗೆ ಜೊತೆ ಇದ್ದಾಗ ಸಂಬಂಧದ ಹೊತ್ತು.

ಹಾಡದ ಹೆಣ್ಣುಹಕ್ಕಿಗೂ ಕಲಿಸುವ ಪಾಲಿದೆ. 2019ರ ಒಂದು ಅಧ್ಯಯನದಲ್ಲಿ, ಮರಿ ಚೆನ್ನಾಗಿ ಹಾಡಿದಾಗ ಹೆಣ್ಣುಹಕ್ಕಿ ಗರಿ ಉಬ್ಬಿಸುವ ವಿಡಿಯೊವನ್ನು ಆ ಕ್ಷಣಕ್ಕೆ ಸರಿಯಾಗಿ ತೋರಿಸಲಾಯಿತು. ಅಂಥ ಮರಿಗಳು, ಅದೇ ವಿಡಿಯೊವನ್ನು ಹೊತ್ತುಗೊತ್ತಿಲ್ಲದೆ ನೋಡಿದ ಮರಿಗಳಿಗಿಂತ ಚೆನ್ನಾಗಿ ಹಾಡು ಕಲಿತವು. ಕೆಲಸ ಮಾಡಿದ್ದು ಪರದೆಯಲ್ಲ, ತಾನು ಹಾಡಿದ್ದಕ್ಕೆ ತಕ್ಷಣ ಸಿಕ್ಕ ಪ್ರತಿಕ್ರಿಯೆ.

ಮಕ್ಕಳ ವಿಷಯದಲ್ಲೂ ಇದಕ್ಕೆ ಹತ್ತಿರದ ಸಂಗತಿ ಕಂಡಿದೆ. 2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ 9 ತಿಂಗಳ ಇಂಗ್ಲಿಷ್ ಮನೆಯ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಒಟ್ಟು 12 ಸಲ, ಪ್ರತಿ ಸಲ ಸುಮಾರು 25 ನಿಮಿಷ. ಒಂದು ಗುಂಪಿಗೆ ಮ್ಯಾಂಡರಿನ್ ಮಾತಾಡುವವರು ಎದುರಿಗೆ ಕೂತು ಪುಸ್ತಕ ತೋರಿಸಿದರು, ಆಡಿಸಿದರು. ಇನ್ನೊಂದು ಗುಂಪಿಗೆ ಅದೇ ಮಾತನ್ನು ಟಿವಿಯಲ್ಲಿ ತೋರಿಸಿದರು. ಎದುರಿಗೆ ಮನುಷ್ಯರನ್ನು ಕಂಡ ಕೂಸುಗಳು ಆ ಭಾಷೆಯ ದನಿಗಳ ವ್ಯತ್ಯಾಸವನ್ನು ಗುರುತಿಸಿದವು. ಟಿವಿ ನೋಡಿದವು ಏನೂ ಕಲಿತಿರಲಿಲ್ಲ.

*ನಿದ್ದೆಯಲ್ಲೂ ಪಾಠ*

2000ದಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅಮೀಶ್ ದವೆ ಮತ್ತು ಡೇನಿಯಲ್ ಮಾರ್ಗೊಲಿಯಾಶ್ ಒಂದು ಸೋಜಿಗ ತೋರಿಸಿದರು. ಹಗಲು ಹಾಡುವಾಗ ಹಕ್ಕಿಯ ಮೆದುಳಿನ ಕೆಲವು ನರಕೋಶಗಳು ಯಾವ ಕ್ರಮದಲ್ಲಿ ಮಿಡಿಯುತ್ತವೋ, ರಾತ್ರಿ ನಿದ್ದೆಯಲ್ಲೂ ಆಗಾಗ ಅದೇ ಕ್ರಮದಲ್ಲಿ ಮಿಡಿಯುತ್ತವೆ. ಹಾಡಿನ ಪಾಠ ಮೆದುಳಿನೊಳಗೆ ಸದ್ದಿಲ್ಲದೆ ನಡೆದಿರುತ್ತದೆ.

2005ರಲ್ಲಿ ಇನ್ನೊಂದು ತಂಡ ಕಂಡುಕೊಂಡದ್ದು ಮತ್ತೂ ಕುತೂಹಲದ್ದು. ಕಲಿಯುವ ಮರಿಯ ಹಾಡು ರಾತ್ರಿ ಮಲಗುವಾಗ ಇದ್ದದ್ದಕ್ಕಿಂತ ಬೆಳಗ್ಗೆ ಎದ್ದಾಗ ಸ್ವಲ್ಪ ಕೆಟ್ಟಿರುತ್ತದೆ. ಮತ್ತೆ ಅಭ್ಯಾಸ ಮಾಡಿದಾಗ ಸುಧಾರಿಸುತ್ತದೆ. ಹೀಗೆ ಬೆಳಗ್ಗೆ ಹೆಚ್ಚು ಕೆಡುತ್ತಿದ್ದ ಮರಿಗಳೇ ಕೊನೆಯಲ್ಲಿ ಗುರುವಿನ ಹಾಡಿಗೆ ಹೆಚ್ಚು ಹತ್ತಿರ ಬಂದವು. ನಿನ್ನೆ ಹೇಳಿದ ಪದವನ್ನು ಇವತ್ತು ಮಗು ತಪ್ಪಿ ಹೇಳಿತೆಂದು ಸಿಡುಕುವ ಮೊದಲು ಇದನ್ನು ನೆನಪಿಡಿ.

ಒಂದು ಎಚ್ಚರಿಕೆ. ಇವುಗಳಲ್ಲಿ ಹೆಚ್ಚಿನವು ಹಕ್ಕಿಗಳ ಮೇಲಿನ ಪ್ರಯೋಗಗಳು. ಹಕ್ಕಿಯ ಹಾಡಿನಲ್ಲಿ ವ್ಯಾಕರಣವಿಲ್ಲ, ನಮ್ಮ ಮಾತಿನ ಹಾಗೆ ಅರ್ಥವಿಲ್ಲ. ಇವುಗಳನ್ನು ಹಾಗೆಯೇ ಮಕ್ಕಳಿಗೆ ಅಂಟಿಸಬಾರದು. ಕೆಳಗೆ ಹೇಳುವ ಸಲಹೆಗಳು ಮಕ್ಕಳ ತಜ್ಞರು, ಕಿವಿ ಮತ್ತು ಮಾತಿನ ತಜ್ಞರು ಮನುಷ್ಯರನ್ನೇ ನೋಡಿ ಕೊಡುವಂಥವು. ಆ ಸಲಹೆಗಳು ಏಕೆ ಮುಖ್ಯ ಎಂದು ತಿಳಿಯಲು ಹಕ್ಕಿ ಸಹಾಯ ಮಾಡುತ್ತದೆ.

*ಮಗುವಿನ ಮಾತು: ಯಾವಾಗ ಡಾಕ್ಟರನ್ನು ಕಾಣಬೇಕು?*

ಸಾಮಾನ್ಯವಾಗಿ 6ರಿಂದ 9 ತಿಂಗಳಲ್ಲಿ ಕೂಸು 'ಬಬಬ' ಎಂದು ತೊದಲುತ್ತದೆ. ಒಂದು ವರ್ಷದ ಹೊತ್ತಿಗೆ ಹೆಸರು ಕರೆದರೆ ತಿರುಗುತ್ತದೆ, ಒಂದೆರಡು ಪದ ಬರುತ್ತವೆ. ಎರಡು ವರ್ಷಕ್ಕೆ 'ಅಮ್ಮ ಬಾ', 'ನೀರು ಕೊಡು' ಎಂದು ಎರಡು ಪದ ಜೋಡಿಸುತ್ತದೆ. ಮಕ್ಕಳಲ್ಲಿ ಸ್ವಲ್ಪ ಹಿಂದುಮುಂದು ಇದ್ದೇ ಇರುತ್ತದೆ. ಆದರೆ ಈ ಕೆಳಗಿನವು ಕಂಡರೆ 'ಇವರಪ್ಪನೂ ತಡವಾಗಿಯೇ ಮಾತಾಡಿದ್ದು' ಎಂದು ಕಾಯುತ್ತ ಕೂರಬೇಡಿ.

– ದೊಡ್ಡ ಸದ್ದಿಗೆ ಬೆಚ್ಚುವುದಿಲ್ಲ, ಕರೆದರೆ ತಿರುಗುವುದಿಲ್ಲ
– ತೊದಲುತ್ತಿದ್ದ ಕೂಸು ಮೌನವಾಗಿದೆ
– ಒಂದೂವರೆ ವರ್ಷವಾದರೂ ಒಂದು ಪದವೂ ಇಲ್ಲ
– ಎರಡು ವರ್ಷವಾದರೂ ಪದ ಜೋಡಿಸುವುದಿಲ್ಲ
– ಬಂದಿದ್ದ ಮಾತು ಹೋಗಿದೆ

ಮೊದಲು ಆಗಬೇಕಾದ್ದು ಕಿವಿಯ ಪರೀಕ್ಷೆ. ಹುಟ್ಟುಕಿವುಡು ಇದ್ದ ಕೂಸೂ ಮೊದಲ ತಿಂಗಳುಗಳಲ್ಲಿ ಎಲ್ಲರ ಹಾಗೆ ಅಳುತ್ತದೆ, ನಗುತ್ತದೆ, ದನಿ ಮಾಡುತ್ತದೆ. ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷ ಇದೆಯೋ ಇಲ್ಲವೋ ಎಂಬ ಖಚಿತ ಉತ್ತರ, ಆರು ತಿಂಗಳೊಳಗೆ ಚಿಕಿತ್ಸೆ, ಇದು ತಜ್ಞರು ಒಪ್ಪಿದ ಕ್ರಮ. ಪರೀಕ್ಷೆಯಲ್ಲಿ ನೋವಿಲ್ಲ. ಕೂಸು ಮಲಗಿದ್ದಾಗಲೇ ಮಾಡಬಹುದು. ಹೆರಿಗೆಗೆ ಊರಿಗೆ ಹೋಗಿ ಮೂರು ತಿಂಗಳ ಕೂಸಿನೊಂದಿಗೆ ಮುಂಬಯಿಗೆ ಮರಳುವ ನಮ್ಮ ಮನೆಗಳಲ್ಲಿ ಈ ಪರೀಕ್ಷೆ ಎರಡೂ ಕಡೆ ತಪ್ಪಿಹೋಗುವ ಸಂಭವ ಹೆಚ್ಚು. ಆಗಿಲ್ಲದಿದ್ದರೆ ಈಗ ಮಾಡಿಸಿ.

ಮುಂಬಯಿಯಲ್ಲಿ ಬಾಂದ್ರಾ ರೆಕ್ಲಮೇಶನ್‌ನಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. 1983ರಿಂದ ಕಿವಿ ಮತ್ತು ಮಾತಿನ ತೊಂದರೆಗಳಿಗೇ ಮೀಸಲಾದ ಸಂಸ್ಥೆ ಇದು. ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಲ್ಲೂ ಕಿವಿ-ಮೂಗು-ಗಂಟಲು ವಿಭಾಗಗಳಿವೆ. ಊರಿಗೆ ಹೋದಾಗ ತೋರಿಸುವುದಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

*'ಕನ್ನಡ ನಿಲ್ಲಿಸಿ, ಒಂದೇ ಭಾಷೆ ಆಡಿ' ಎಂದರೆ?*

ಮನೆಯಲ್ಲಿ ಕನ್ನಡ ಅಥವಾ ತುಳು, ಅಂಗಳದಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ನಮ್ಮ ಮಕ್ಕಳ ಮಾತು ಸ್ವಲ್ಪ ತಡವಾದರೆ ಸಾಕು, 'ಇಷ್ಟು ಭಾಷೆ ಕೇಳಿ ಮಗು ಗಲಿಬಿಲಿಯಾಗಿದೆ, ಮನೆಭಾಷೆ ಬಿಡಿ' ಎನ್ನುವವರು ಬಹಳ. ಹೀಗೆ ಹೆದರಿ ಎಷ್ಟೋ ಮನೆಗಳಲ್ಲಿ ಕನ್ನಡ ನಿಂತಿದೆ. ಆಮೇಲೆ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಗೂ ಮೊಮ್ಮಗುವಿಗೂ ನಡುವೆ ಮಾತೇ ಇಲ್ಲ.

ಹಲವು ಭಾಷೆ ಕೇಳುವುದರಿಂದ ಮಾತಿನ ದೋಷ ಉಂಟಾಗುವುದಿಲ್ಲ. ಮಾತು ನಿಜವಾಗಿಯೇ ತಡವಾದ ಮಗುವಿಗೂ ಮನೆಭಾಷೆ ನಿಲ್ಲಿಸಿದರೆ ಲಾಭವಿಲ್ಲ. ತಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲಿ ಮಗುವಿಗೆ ಹೆಚ್ಚು ಪದ, ಹೆಚ್ಚು ಹಾಡು, ಹೆಚ್ಚು ಕತೆ, ಹೆಚ್ಚು ಮುದ್ದು ಸಿಗುತ್ತದೆ. ಬಾರದ ಇಂಗ್ಲಿಷಿನಲ್ಲಿ ಸಿಗುವುದು 'ಕಮ್, ಸಿಟ್, ಈಟ್' ಅಷ್ಟೇ. ಹಕ್ಕಿಮರಿಗೆ ಬೇಕಾದ್ದು ಎದುರಿಗೆ ಕೂತು ಪೂರ್ತಿ ಹಾಡುವ ಗುರು, ಅರ್ಧಂಬರ್ಧ ಸ್ವರವಲ್ಲ.

ತಜ್ಞರ ಹತ್ತಿರ ಹೋಗುವಾಗ ಮಗು ಹೇಳುವ ಪದಗಳನ್ನೆಲ್ಲ ಬರೆದುಕೊಂಡು ಹೋಗಿ. 'ಹಾಲು' ಕನ್ನಡದ್ದು, 'ಪಾಣಿ' ಮರಾಠಿಯದು, 'ಬಾಲ್' ಇಂಗ್ಲಿಷಿನದು, ಎಲ್ಲವನ್ನೂ ಕೂಡಿಸಿ ಎಣಿಸಬೇಕು. ಒಂದೇ ಭಾಷೆಯ ಪದ ಎಣಿಸಿದರೆ ಮಗು ಹಿಂದಿದೆ ಎಂದು ತಪ್ಪಾಗಿ ಕಾಣುತ್ತದೆ.

*ನಗಬೇಡಿ, ಉತ್ತರ ಕೊಡಿ*

ಸ್ವಲ್ಪ ದೊಡ್ಡ ಮಕ್ಕಳ ವಿಷಯ ಬೇರೆ. ಅವಕ್ಕೆ ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿ ಬಿಡುವುದಿಲ್ಲ. ಕಾರಣ ಹುಡುಕಿದರೆ ಎಷ್ಟೋ ಸಲ ಸಿಗುವುದು ಒಂದು ನಗು. ಮದುವೆಮನೆಯಲ್ಲೋ ಊರಿನ ಜಾತ್ರೆಯಲ್ಲೋ ಮಗು 'ಅಜ್ಜಿ ಬಂದ' ಎಂದಿತು. ನೆಂಟರೆಲ್ಲ ಗೊಳ್ಳೆಂದರು. 'ಬಾಂಬೆ ಕನ್ನಡ' ಎಂದರು. ಮಗು ಆವತ್ತೇ ಕನ್ನಡದ ಬಾಗಿಲು ಹಾಕಿಕೊಂಡಿತು.

ತಪ್ಪು ಹೇಳಿದ್ದು ಮಗುವಿನ ಮೆದುಳಿಗೇ ಬಹಳ ಸಲ ತಿಳಿಯುತ್ತದೆ, ಸರಿಯಾದದ್ದು ಅದರ ಕಿವಿಗೆ ಬೀಳುತ್ತಿದ್ದರೆ. ಆದ್ದರಿಂದ ತಿದ್ದುವ ಸುಲಭ ದಾರಿ ಹೀಗೆ. ಮಗು 'ಅಜ್ಜಿ ಬಂದ' ಎಂದರೆ, 'ಹೌದಾ, ಅಜ್ಜಿ ಬಂದಳಾ? ಏನು ತಂದಳು?' ಎಂದು ಮಾತು ಮುಂದುವರಿಸಿ. ಸರಿಯಾದ ರೂಪ ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ, ಮುಖವೂ ಉಳಿಯಿತು. ನೆಂಟರ ಎದುರು ಪರೀಕ್ಷೆ ಮಾಡಬೇಡಿ. ಉಗ್ಗುವ ಮಗುವಿಗೂ ಇದೇ ಮಾತು ಅನ್ವಯಿಸುತ್ತದೆ. 'ನಿಧಾನ ಹೇಳು, ಸರಿಯಾಗಿ ಹೇಳು' ಎಂದು ಅವಸರಿಸದೆ, ಮುಗಿಯುವ ತನಕ ಕಾಯಿರಿ. ಉಗ್ಗು ಕೆಲವು ತಿಂಗಳು ನಿಂತರೆ ಮಾತಿನ ತಜ್ಞರಿಗೆ ತೋರಿಸಿ.

ಮೊಬೈಲ್ ವಿಷಯ. ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಗಂಡ ಹೆಂಡತಿ ಇಬ್ಬರೂ ವಿರಾರ್‌ನಿಂದ ಚರ್ಚ್‌ಗೇಟಿಗೆ ಓಡುವ ಮನೆಯಲ್ಲಿ ಇದು ಸುಲಭವಲ್ಲ. ಆದರೆ ಅದೇ ಮೊಬೈಲಿನಲ್ಲಿ ಅಜ್ಜಿಗೆ ವಿಡಿಯೊ ಕಾಲ್ ಮಾಡಬಹುದು. ಕಾರ್ಟೂನಿಗೆ ಮಗು ಏನೆಂದಿತು ಎಂಬುದು ಬೇಕಿಲ್ಲ, ಅಜ್ಜಿಗೆ ಬೇಕು. ಆಕೆ ಕೇಳುತ್ತಾಳೆ, ಕಾಯುತ್ತಾಳೆ, ಉತ್ತರ ಕೊಡುತ್ತಾಳೆ. ದಿನಕ್ಕೆ ಹತ್ತು ನಿಮಿಷವಾದರೂ ಸಾಕು.

*ಹಕ್ಕಿಗೆ ಇರುವ ವರ, ನಮಗಿಲ್ಲ*

ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳಿವೆ. ಹಕ್ಕಿಯಲ್ಲಿ ಅವು ಹಾಳಾದರೆ ಮತ್ತೆ ಹುಟ್ಟುತ್ತವೆ. ಇದು 1980ರ ದಶಕದ ಕೊನೆಯಲ್ಲಿ ಕೋಳಿಮರಿ ಮತ್ತು ಗೌಜಲಿನಂಥ ಹಕ್ಕಿಗಳಲ್ಲಿ ಕಂಡುಬಂತು. ಮನುಷ್ಯರಲ್ಲಿ ಅವು ಹೋದರೆ ಹೋದವೇ. ಲೋಕಲ್‌ನ ಗದ್ದಲ ಮೀರಿಸಲು ಇಯರ್‌ಫೋನ್ ದನಿ ಏರಿಸುವ ಹುಡುಗರಿಗೆ, ಮೆರವಣಿಗೆಯಲ್ಲಿ ಡಿಜೆ ಪೆಟ್ಟಿಗೆಯ ಮುಂದೆಯೇ ಮಗುವನ್ನು ಹೆಗಲೇರಿಸಿ ನಿಲ್ಲುವವರಿಗೆ ಇದನ್ನು ಹೇಳಿ. ದಿನವಿಡೀ ಯಂತ್ರದ ಸದ್ದಿನಲ್ಲಿ ದುಡಿಯುವವರು ಕಿವಿಗೆ ರಕ್ಷಣೆ ಹಾಕಿಕೊಳ್ಳಿ, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

*ಅಜ್ಜ ಮರೆಯುತ್ತಿದ್ದಾರೋ, ಕೇಳಿಸುತ್ತಿಲ್ಲವೋ?*

ದೊಡ್ಡ ಜೀಬ್ರಾ ಫಿಂಚ್ ಕಿವುಡಾದರೆ, ಗಟ್ಟಿಯಾಗಿದ್ದ ಅದರ ಹಾಡೂ ವಾರಗಳು ಕಳೆದಂತೆ ಕೆಡುತ್ತದೆ. ಕಲಿತದ್ದನ್ನು ಉಳಿಸಿಕೊಳ್ಳಲೂ ಕಿವಿ ಬೇಕು.

ಊರಿನ ಮನೆ ಮುಚ್ಚಿ ಮಗನ ಜೊತೆ ಇರಲು ಬಂದ ಹಿರಿಯರನ್ನು ನೋಡಿ. ಹೊರಗೆ ಮರಾಠಿ ಬಾರದು, ಮನೆಯಲ್ಲಿ ಎಲ್ಲರೂ ಅವಸರದಲ್ಲಿ. ಕಿವಿ ಮಂದವಾದರೆ ಹೇಳಿಕೊಳ್ಳಲು ಸಂಕೋಚ. ಕೇಳಿದ್ದಕ್ಕೆ ಏನೋ ಉತ್ತರ ಕೊಡುತ್ತಾರೆ. ಮನೆಯವರು 'ಅಪ್ಪನಿಗೆ ಮರೆವು ಶುರುವಾಯಿತು' ಎನ್ನುತ್ತಾರೆ. ಮೊದಲು ಕಿವಿ ತೋರಿಸಿ. ಬರೀ ಗುಗ್ಗೆ ಕಟ್ಟಿರಬಹುದು. ಅಥವಾ ಶ್ರವಣ ಯಂತ್ರ ಬೇಕಿರಬಹುದು. ನಿಜವಾದ ಮರೆವೇ ಇದ್ದರೂ ಕಿವಿ ಸರಿಯಿರುವುದು ಮುಖ್ಯ. ಮರೆವಿನ ಕಾಯಿಲೆಗೆ ಕಾರಣವಾಗುವ, ಆದರೆ ನಾವು ತಡೆಯಬಹುದಾದ 14 ಅಂಶಗಳನ್ನು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ಅವುಗಳಲ್ಲಿ ಕಿವಿ ಮಂದವಾಗುವುದೂ ಒಂದು. ಬಿಪಿ, ಸಕ್ಕರೆ ಕಾಯಿಲೆ, ಒಂಟಿತನ, ದೃಷ್ಟಿದೋಷ ಕೂಡ ಅದರಲ್ಲಿವೆ. ಇದರ ಜೊತೆಗೆ ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಕಾಣಿಸಬಹುದು. ಅದಕ್ಕೆ ರಕ್ತಪರೀಕ್ಷೆ ಇದೆ, ಔಷಧಿಯೂ ಇದೆ.

ಇನ್ನೊಂದು ಲಕ್ಷಣ ಗಮನಿಸಿ. ಹಿರಿಯರ ದನಿ ದಿನೇದಿನೇ ಮೆಲ್ಲಗಾಗಿ, ಏರಿಳಿತವಿಲ್ಲದೆ ಸಪ್ಪಗಾಗುತ್ತಿದೆ. 'ಜೋರಾಗಿ ಹೇಳಿ' ಎಂದರೆ 'ಜೋರಾಗಿಯೇ ಹೇಳುತ್ತಿದ್ದೇನಲ್ಲ' ಎನ್ನುತ್ತಾರೆ. ಜೊತೆಗೆ ನಡಿಗೆ ನಿಧಾನ, ಅಕ್ಷರ ಚಿಕ್ಕದು, ಕೈ ನಡುಕ ಇದ್ದರೆ ನರರೋಗ ತಜ್ಞರಿಗೆ ತೋರಿಸಿ. ಇದು ಪಾರ್ಕಿನ್ಸನ್ ಕಾಯಿಲೆ ಇರಬಹುದು. ಆ ಕಾಯಿಲೆಯಲ್ಲಿ ನಶಿಸುವುದು ಬೇಸಲ್ ಗ್ಯಾಂಗ್ಲಿಯಾಕ್ಕೆ ಡೋಪಮೀನ್ ಕಳಿಸುವ ನರಕೋಶಗಳೇ. ತನ್ನ ದನಿ ಎಷ್ಟು ಮೆಲ್ಲಗಿದೆ ಎಂಬ ಅಳತೆಯೇ ರೋಗಿಗೆ ತಪ್ಪಿರುತ್ತದೆ. ಅವರನ್ನು ಗದರಬೇಡಿ. ಔಷಧಿಯ ಜೊತೆಗೆ ಮಾತಿನ ಚಿಕಿತ್ಸೆಯಿಂದ ದನಿ ಸುಧಾರಿಸುತ್ತದೆ.

*ಇಂಥ ಮೆಸೇಜ್ ನಂಬಬೇಡಿ*

ಹಾಡುಹಕ್ಕಿಗಳಿಂದ ಬಂದ ಇನ್ನೊಂದು ದೊಡ್ಡ ಸುದ್ದಿ 1983ರದ್ದು. ದೊಡ್ಡ ಕೆನರಿ ಹಕ್ಕಿಯ ಮೆದುಳಿನಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆ ಎಂದು ನ್ಯೂಯಾರ್ಕಿನ ಫರ್ನಾಂಡೊ ನಾಟೆಬಾಮ್ ಮತ್ತು ಸ್ಟೀವನ್ ಗೋಲ್ಡ್‌ಮನ್ ತೋರಿಸಿದರು. ಇಂಥ ಸಂಗತಿಗಳ ಹೆಸರಲ್ಲಿ 'ಹೊಸ ನರಕೋಶ ಹುಟ್ಟಿಸುವ' ಪುಡಿ, ಟಾನಿಕ್, ತೈಲ ಮಾರುವವರಿದ್ದಾರೆ. ದೊಡ್ಡ ಮನುಷ್ಯರ ಮೆದುಳಿನಲ್ಲಿ ಹೊಸ ನರಕೋಶ ಎಷ್ಟರಮಟ್ಟಿಗೆ ಹುಟ್ಟುತ್ತವೆ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಇನ್ನೂ ಒಮ್ಮತವಿಲ್ಲ. ದುಡ್ಡು ಖರ್ಚು ಮಾಡುವುದಾದರೆ ಕಿವಿಯ ಪರೀಕ್ಷೆಗೆ ಮಾಡಿ.

*ಇಷ್ಟು ನೆನಪಿಡಿ*

1. ಕೂಸಿನ ಕಿವಿ ಪರೀಕ್ಷೆ ಆಗಿದೆಯೇ ಎಂದು ಇವತ್ತೇ ಕೇಳಿ.
2. ಮಾತು ತಡವಾದರೆ ಕಾಯಬೇಡಿ, ಮನೆಭಾಷೆಯನ್ನೂ ನಿಲ್ಲಿಸಬೇಡಿ.
3. ಮಗು ತಪ್ಪು ಮಾತಾಡಲಿ. ನಗದೆ, ಸರಿಯಾದ ರೂಪದಲ್ಲಿ ಉತ್ತರ ಕೊಡಿ.
4. ಮಕ್ಕಳಿಗೆ ಸಾಕಷ್ಟು ನಿದ್ದೆ ಸಿಗಲಿ.
5. ಹಿರಿಯರಿಗೆ ಮರೆವು ಎನ್ನುವ ಮೊದಲು ಕಿವಿ ತೋರಿಸಿ.
6. ದಿನಕ್ಕೆ ಸ್ವಲ್ಪ ಹೊತ್ತು ಟಿವಿ ಆರಿಸಿ, ಅಜ್ಜ ಅಥವಾ ಅಜ್ಜಿಯನ್ನೂ ಮೊಮ್ಮಗುವನ್ನೂ ಎದುರುಬದುರು ಕೂರಿಸಿ. ಆ ಮಗುವಿಗೆ ಗುರು ಬೇಕು, ಈ ಹಿರಿಯರಿಗೆ ಕೇಳುವವರು ಬೇಕು.

ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ಮಗುವಿಗೆ, ಹಿರಿಯರಿಗೆ ಏನು ಬೇಕು ಎಂಬುದನ್ನು ಡಾಕ್ಟರೇ ನೋಡಿ ಹೇಳಬೇಕು. ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇರುವ ನಿಮ್ಮ ಬಂಧುಗಳಿಗೆ ಇದನ್ನು ಕಳಿಸಿ. ಓದಲು ಬಾರದವರಿದ್ದರೆ, ಎದುರಿಗೆ ಕೂತು ನೀವೇ ಓದಿ ಹೇಳಿ.